ಹನ್ನೆರಡಕ್ಕೆ ಇಳಿದ ಯೋಧ

ಆಗೆಲ್ಲ ಜೂನ್ ಬಂತೆಂದರೆ ಹಾರವಾಡದ ದೋಣಿಗಳು ದಂಡೆಯ ಮೇಲೆ ತೆಂಗಿನ ಮಡಲು ಹೊದ್ದು ಮಲಗುತ್ತಿದ್ದವು. ಅಲೆಗಳ ಅಬ್ಬರದಲ್ಲಿ ಕಡಲಿಗೆ ಇಳಿಯುವಂತಿರಲಿಲ್ಲ. ದೊಡ್ಡವರು ಜಗುಲಿಯಲ್ಲಿ ಬಲೆ ಸರಿಮಾಡುತ್ತ, ನಾವು ಮಕ್ಕಳು ಹಲಸಿನ ಬೀಜ ಸುಟ್ಟು ತಿನ್ನುತ್ತ ಮುಗಿಯದ ಮಧ್ಯಾಹ್ನಗಳನ್ನು ಕಳೆಯುತ್ತಿದ್ದೆವು. ನಿಮ್ಮ ಮಳೆಗಾಲಗಳಿಗೂ ಒಂದೊಂದು ವಾಸನೆ ಇದ್ದೀತು. ನನ್ನದಕ್ಕೆ ದೋಣಿಗೆ ಬಳಿದ ಗೇರೆಣ್ಣೆಯ ವಾಸನೆ, ಅದರ ಜೊತೆಗೆ ಹಸಿ ಕಾಗದದ ವಾಸನೆ.

ಕಾಗದ ಒಂದು ದಪ್ಪ ಪುಸ್ತಕದ್ದು. ಗೋವಾದ ಹೋಟೆಲಿನಲ್ಲಿ ಕೆಲಸಕ್ಕಿದ್ದ ನನ್ನ ಮಾವ, ಯಾರೋ ಪ್ರವಾಸಿ ಕೋಣೆಯಲ್ಲಿ ಬಿಟ್ಟುಹೋದದ್ದನ್ನು ತಂದುಕೊಟ್ಟಿದ್ದ. ಜಪಾನಿನ ಚಿತ್ರಕಥೆ, ಇಂಗ್ಲಿಷಿನಲ್ಲಿ. ರಟ್ಟು ಕಿತ್ತುಹೋಗಿತ್ತು, ಎರಡೂ ತುದಿಯ ಕೆಲವು ಪುಟಗಳೂ ಇರಲಿಲ್ಲ. ಪುಟಗಳಿಗೆ ಸಂಖ್ಯೆ ಹಾಕಿರಲಿಲ್ಲ. ಅದರಲ್ಲಿ ಯೋಧರು ಹೊಡೆದಾಡುತ್ತಿದ್ದರು. ಪ್ರತಿಯೊಬ್ಬನ ನೆರಳಿನಲ್ಲಿ ಅವನ ಶಕ್ತಿ ಅಂಕಿಯಾಗಿ ಮೂಡುತ್ತಿತ್ತು. ಆಗ ನಾನು ಆರನೇ ತರಗತಿ. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವಳು ನಾನೊಬ್ಬಳೇ ಆದ್ದರಿಂದ ಓದಿ ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಕೇಳುವವರು ಇಬ್ಬರು: ಚಿಕ್ಕಪ್ಪನ ಮಗ ಮಂಜು ಮತ್ತು ಅಜ್ಜ.

ಅಜ್ಜ ನಮ್ಮ ದೋಣಿಯ ಚುಕ್ಕಾಣಿ ಹಿಡಿಯುತ್ತಿದ್ದವನು. ಬೇಸಿಗೆಯಲ್ಲಿ ಜಾರಿಬಿದ್ದು ಬಲಗೈ ಮುರಿದುಕೊಂಡಿದ್ದ. ಮೂಳೆ ಕೂಡಿತು, ಹಿಡಿತ ಬರಲಿಲ್ಲ. ಶ್ರಾವಣದ ಹುಣ್ಣಿಮೆಗೆ ಕಡಲಿಗೆ ಕಾಯಿ ಬಿಟ್ಟು ದೋಣಿ ಇಳಿಸುವಾಗ ಚುಕ್ಕಾಣಿ ತನ್ನ ಕೈಯಲ್ಲೇ ಇರಬೇಕೆಂದು ಅವನ ಹಟ. "ಆಗೂದಿಲ್ಲ ಅಪ್ಪಾ" ಎಂದು ಚಿಕ್ಕಪ್ಪ ಹೇಳಿದರೆ ಆ ದಿನ ಅಜ್ಜ ಊಟಕ್ಕೆ ಏಳುತ್ತಿರಲಿಲ್ಲ.

ಕಥೆ ನಮ್ಮನ್ನು ಹಿಡಿದುಬಿಟ್ಟಿತು. ನಾಯಕ ಮೊದಲ ಪುಟದಲ್ಲೇ ನಲವತ್ತು ಸಾವಿರದವನು. ಒಂದೊಂದು ಕಾಳಗಕ್ಕೂ ಅವನ ಅಂಕಿ ಇಳಿಯುತ್ತಿತ್ತು: ಹದಿನೈದು ಸಾವಿರ, ಆಮೇಲೆ ನಾಲ್ಕು ಸಾವಿರ, ಆಮೇಲೆ ಆರುನೂರು. ಮಾತುಗಳೂ ವಿಚಿತ್ರ. ಒಬ್ಬ ಮೊದಲು ಉತ್ತರ ಕೊಡುತ್ತಿದ್ದ, ಇನ್ನೊಬ್ಬ ಆಮೇಲೆ ಪ್ರಶ್ನೆ ಕೇಳುತ್ತಿದ್ದ.

"ಜಪಾನಿನವ್ರು ಹಾಗೇ ಮಾತಾಡೂದೇನೋ," ಎಂದೆ.

"ನಿನ್ನ ಅಜ್ಜೀನೂ ಹಾಗೇಯ," ಎಂದ ಅಜ್ಜ. "ಮೊದ್ಲು ಬೈತದೆ. ಎಂತಾಯ್ತು ಕೇಳೂದು ಆಮೇಲೆ."

ಒಳಗಿನಿಂದ ಅಜ್ಜಿ, "ಕೈ ಮುರದ್ರೂ ಬಾಯಿ ಗಟ್ಟಿ ಉಂಟು ನೋಡು!" ಎಂದಳು.

ಅಂಕಿ ಇಳಿಯುವುದು ನಮಗೆ ಸಹಜವಾಗಿಯೇ ಕಂಡಿತ್ತು. ಹೊಡೆದಾಡಿದರೆ ಶಕ್ತಿ ಖರ್ಚಾಗದೆ ಇರುತ್ತದೆಯೇ? ಗಂಜಿ ಉಂಡು ಕೈ ತೊಳೆದ ಕೂಡಲೇ ಅಜ್ಜ ಕೇಳುತ್ತಿದ್ದ: "ತಂಗೀ, ಇವತ್ತು ಎಷ್ಟಕ್ಕೆ ಇಳೀತು?"

ಅಂಥ ಕಥೆಗಳ ಅಂಕಿಗಳನ್ನು ಕಂಡು ನಗುವವರನ್ನು ಆಮೇಲೆ ಕಾಲೇಜಿನಲ್ಲಿ ನೋಡಿದ್ದೇನೆ. ಸೊನ್ನೆ ಸೇರಿಸುತ್ತ ಹೋದರೆ ಕಥೆಯಾಯಿತೇ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನಾಲ್ಕು ಸಾವಿರದವನ ಎದುರು ಆರುನೂರರವನು ಕಾಲೂರಿ ನಿಂತರೆ, ಒಂದು ಏಟೂ ಬೀಳುವ ಮೊದಲೇ ಮಂಜು ಅಗಿಯುವುದನ್ನು ನಿಲ್ಲಿಸುತ್ತಿದ್ದ. ಧೈರ್ಯ ಕಣ್ಣಿಗೆ ಕಾಣುವ ವಸ್ತುವಲ್ಲ. ಅದನ್ನು ಎರಡು ಅಂಕಿಗಳ ನಡುವಿನ ಅಂತರವಾಗಿ ಕಾಣಿಸಿದ ಆ ಚಿತ್ರಕಾರ ಯಾರೋ ತಿಳಿಯದು. ಅವನ ಮೇಲಿನ ನನ್ನ ಗೌರವ ಇಂದಿಗೂ ಕಡಿಮೆಯಾಗಿಲ್ಲ.

ಕೊನೆಯ ಪುಟದಲ್ಲಿ ನಾಯಕನ ನೆರಳಿನಲ್ಲಿ ಬರೀ ಹನ್ನೆರಡು. ಹೆಗಲಿಗೊಂದು ಗಂಟು, ಬಾಗಿಲಲ್ಲಿ ನಿಂತ ತಾಯಿಯ ಕಡೆ ನೋಡಿ ನಗುತ್ತಿದ್ದ.

"ಎಲ್ಲಾ ಖರ್ಚು ಮಾಡ್ಕಂಡು ಮನೆಗೆ ಬಂದ," ಎಂದ ಅಜ್ಜ. "ಆದ್ರೂ ನಗ್ತಾ ಇದ್ದ ನೋಡು."

ತುಂಬ ಹೊತ್ತು ಆ ಚಿತ್ರ ನೋಡಿದ. ಆಮೇಲಿನ ದಿನಗಳಲ್ಲಿ ಚುಕ್ಕಾಣಿಯ ಮಾತೆತ್ತಲಿಲ್ಲ. ಚಿಕ್ಕಪ್ಪನ ಪಕ್ಕ ಕುಳಿತು ಉಂಡ.

ಪುಸ್ತಕವನ್ನು ಇನ್ನೊಮ್ಮೆ ತಿರುವುವಾಗ ನಾಯಕನ ಕೆನ್ನೆಯ ಗಾಯವೊಂದು ನನ್ನ ಕಣ್ಣಿಗೆ ಬಿತ್ತು. ನಲವತ್ತು ಸಾವಿರದವನ ಕೆನ್ನೆಯ ಮೇಲೆ ಹಳೆಯ ಗಾಯದ ಗುರುತು. ಆರುನೂರರವನ ಕೆನ್ನೆಯಲ್ಲಿ ಅದೇ ಜಾಗದಿಂದ ರಕ್ತ. ಹನ್ನೆರಡರವನ ಕೆನ್ನೆ ನುಣುಪು. ಗಾಯ ಮಾಯ್ದ ಮೇಲೆ ರಕ್ತ ಬರುವುದುಂಟೆ? ಹಿಂದಿನ ತುದಿಯಿಂದ, ಬಲದಿಂದ ಎಡಕ್ಕೆ ಓದಿ ನೋಡಿದೆ. ಜಪಾನಿನವರು ಓದುವುದೇ ಹಾಗೆ ಎಂದು ನನಗೆ ತಿಳಿದದ್ದು ಎಷ್ಟೋ ಆಮೇಲೆ. ಪ್ರಶ್ನೆಗಳ ನಂತರ ಉತ್ತರಗಳು ಬಂದು ನಿಂತವು. ಅಂಕಿ ಏರತೊಡಗಿತು. ಹುಡುಗ ಮನೆಗೆ ಬಂದಿರಲಿಲ್ಲ, ಮನೆಯಿಂದ ಹೊರಟಿದ್ದ.

ನನಗೆ ಅಳು ಬಂತು. ಹೇಳಿದರೆ ಅಜ್ಜ ಮತ್ತೆ ಹಟ ಹಿಡಿದು ಊಟ ಬಿಟ್ಟಾನು. ಹೇಳದೆ ಇರಲೂ ನನ್ನಿಂದ ಆಗಲಿಲ್ಲ. ತಪ್ಪಾದ ಲೆಕ್ಕವನ್ನು ಹಾಗೇ ಬಿಟ್ಟು ಏಳುವವಳು ನಾನಲ್ಲ. ಮರುದಿನ ಪುಸ್ತಕವನ್ನು ಅವನ ತೊಡೆಯ ಮೇಲಿಟ್ಟೆ.

"ಅಜ್ಜಾ, ನಾವು ಉಲ್ಟಾ ಓದಿದ್ದು. ಇಂವ ಹನ್ನೆರಡಕ್ಕೆ ಇಳೂದಲ್ಲ, ಹನ್ನೆರಡರಿಂದ ಹತ್ತೂದು."

ಮಂಜು ಕುಣಿದಾಡಿದ. "ಇಷ್ಟ್ ದಿನ ಓದಿದ್ದೆಲ್ಲಾ ಸುಳ್ಳಾ? ಇವ್ಳಿಗೆ ಇಂಗ್ಲಿಷೇ ಬರೂದಿಲ್ಲ!"

ಅಜ್ಜ ಬಲೆಯನ್ನು ಬದಿಗಿಟ್ಟು ಹಾಳೆ ಸವರಿದ. ನಾನು ಅವನ ಮುಖ ನೋಡಲಿಲ್ಲ.

"ಹಂಗಾರೆ ಆ ಬದಿಂದ ಇನ್ನೊಂದ್ ಸಲ ಓದು," ಎಂದ ಕೊನೆಗೆ. "ನಾನೂ ಹತ್ತಿದ್ದು ಉಂಟಲ್ಲ. ಅದನ್ನ ಯಾರೂ ಕೇಳೂದೇ ಇಲ್ಲ."

ಮತ್ತೆ ಓದಿದೆವು. ಅಂಕಿ ಏರಿದಂತೆಲ್ಲ ಅಜ್ಜನೂ ತನ್ನದನ್ನು ಸೇರಿಸಿದ. ಆರುನೂರು ಬಂದಾಗ, ಅವನ ಅಪ್ಪ ಮೊದಲ ಬಾರಿಗೆ ಚುಕ್ಕಾಣಿ ಕೈಗೆ ಕೊಟ್ಟು ತಾನು ಮುಂದೆ ಹೋಗಿ ಕುಳಿತದ್ದು. ನಾಲ್ಕು ಸಾವಿರ ಬಂದಾಗ, ಬಿರುಗಾಳಿಯಲ್ಲಿ ದೋಣಿಯನ್ನು ಬೇಲೆಕೇರಿಯ ದಂಡೆಗೆ ಹತ್ತಿಸಿದ್ದು.

ಹುಣ್ಣಿಮೆಯ ದಿನ ಕಾಯಿ ಬಿಟ್ಟಾಯಿತು. ಎಲ್ಲರೂ ಹೆಗಲು ಕೊಟ್ಟು ದೋಣಿಯನ್ನು ನೀರಂಚಿಗೆ ತಂದರು. ಅಜ್ಜ ಹತ್ತುವವನಂತೆ ಅಂಚಿಗೆ ಕೈಯಿಟ್ಟು ನಿಂತ. ಚಿಕ್ಕಪ್ಪ ಕಾದ. ಆಮೇಲೆ ಅಜ್ಜ ಚುಕ್ಕಾಣಿಯನ್ನು ಎಡಗೈಯಲ್ಲೇ ಎತ್ತಿ ಅವನ ಕೈಗೆ ಕೊಟ್ಟ.

"ತಕಾ. ನಂದೀಗ ಹನ್ನೆರಡು."

"ಎಂತ ಹನ್ನೆರಡು ಅಪ್ಪಾ?"

ಚಿಕ್ಕಪ್ಪನಿಗೆ ತಿಳಿಯಲಿಲ್ಲ, ಮಂಜುವಿಗೆ ತಿಳಿಯಿತು. "ಅಜ್ಜಾ, ಮನೆಗೆ ಬಂದ ಹನ್ನೆರಡಾ, ಹೊರಟ ಹನ್ನೆರಡಾ?"

"ಅದು ಪುಸ್ತಕ ಯಾವ ಬದಿಂದ ಹಿಡೀತೆ ಅನ್ನೂದರ ಮೇಲೆ," ಎಂದು ಅಜ್ಜ ನನ್ನ ಕಡೆ ನೋಡಿ ನಕ್ಕ. ದೋಣಿ ಅಲೆ ದಾಟುವವರೆಗೆ ನಾವು ಮೂವರೂ ಮೊಣಕಾಲು ನೀರಿನಲ್ಲಿ ನಿಂತಿದ್ದೆವು.

ಆ ದೋಣಿ ಈಗಿಲ್ಲ, ಅಜ್ಜನೂ ಇಲ್ಲ. ಪುಸ್ತಕವನ್ನು ಗೆದ್ದಲು ತಿಂದಿತು. ಕಾರವಾರದ ನನ್ನ ಕೋಣೆಯಲ್ಲಿ ಅಂಥ ಪುಸ್ತಕಗಳ ಒಂದು ಸಾಲೇ ಇದೆ. ಅವಕ್ಕೆ ರಟ್ಟಿದೆ, ಯಾವ ಬದಿಯಿಂದ ಓದಬೇಕೆಂಬ ಸೂಚನೆಯೂ ಇದೆ. ಕಣ್ಣು ತಾನಾಗಿ ಬಲದಿಂದ ಎಡಕ್ಕೆ ಓಡುತ್ತದೆ. ಕಳೆದ ಮಳೆಗಾಲದಲ್ಲಿ ಒಂದನ್ನು ಬೇಕೆಂದೇ ತಪ್ಪು ತುದಿಯಿಂದ ತೆರೆದೆ. ಕೆಲವೇ ಪುಟಗಳಿಗೆ ಮುಚ್ಚಿಟ್ಟೆ. ಇಳಿಯುವ ಅಂಕಿಯನ್ನು ನಂಬಿ ಓದಲು ಈಗ ನನಗೆ ಬರುವುದಿಲ್ಲ. ಎಷ್ಟಕ್ಕೆ ಇಳಿಯಿತೆಂದು ಕೇಳುವವರೂ ಇಲ್ಲ.