ಮೂರನೇ ಮಹಡಿ ಖಾಲಿ

ಸೈರನ್ ಕೂಗಿದ ಮೇಲೆ ಕಟ್ಟಡದೊಳಗೆ ಒಬ್ಬರೂ ಉಳಿಯಕೂಡದು. ತುರ್ತು ಕೈಪಿಡಿಯ ಮೊದಲ ನಿಯಮವೇ ಅದು. ಚೆನ್ನೈನ ಮೈಲಾಪೂರಿನ ಒಂದು ವಿಮಾ ಕಚೇರಿಗೆ ಬೆಂಕಿ ಡ್ರಿಲ್ ಪರೀಕ್ಷಿಸಲು ಹೋಗಿದ್ದೆ. ಲಿಫ್ಟ್ ನಿಲ್ಲಿಸಿದ್ದರು. ಎಲ್ಲರೂ ಹರಟುತ್ತ ಮೆಟ್ಟಿಲಿಳಿದರು. ಮೂರನೇ ಮಹಡಿಯಲ್ಲಿ ಗಾಲಿಕುರ್ಚಿಯಲ್ಲಿದ್ದ ಉದ್ಯೋಗಿ ವಸಂತಾ ಮಾತ್ರ ಉಳಿದರು.

ಕನ್ನಡದವರೇ ಆದ ಮ್ಯಾನೇಜರ್ ಮೇಲೆ ಬಂದು, "ನಿಮಗ್ಯಾಕಮ್ಮಾ ಕಷ್ಟ? ಸುಮ್ನೆ ಡ್ರಿಲ್ ತಾನೇ! ಇಳಿದವರ ಲೆಕ್ಕದಲ್ಲಿ ನಿಮ್ಮನ್ನೂ ಸೇರಿಸಿದ್ದೀವಿ," ಎಂದರು. ಪ್ರತಿ ಸಲವೂ ಹೀಗೆಯೇ ಅಂತೆ. ನನಗಿಂತ ಮೊದಲು ಬಂದ ಪರೀಕ್ಷಕರೂ ಒಪ್ಪಿಕೊಂಡಿದ್ದರಂತೆ. ಅದನ್ನು ಅವರೆಲ್ಲ ದಯೆ ಎಂದುಕೊಂಡಿದ್ದರು.

"ನಿಜವಾದ ಬೆಂಕಿ ಬಿದ್ದಾಗಲೂ ಲೆಕ್ಕದಲ್ಲೇ ಇಳಿಸ್ತೀರಾ ಸಾರ್?" ಎಂದರು ವಸಂತಾ.

ಮ್ಯಾನೇಜರ್ ಉತ್ತರಕ್ಕಾಗಿ ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಆಕೆ ಕುರ್ಚಿಯನ್ನು ಮೆಟ್ಟಿಲುಗಳ ಮೇಲ್ತುದಿಗೆ ತಂದು, ಬ್ರೇಕ್ ಹಾಕಿ, ತನ್ನನ್ನು ಹೊತ್ತು ಇಳಿಸುವವರು ಬರಲೆಂದು ಕೈಕಟ್ಟಿ ಕೂತರು.