ಸೌರಭನ ಮೂಗು

ಖಾನಾಪುರ ಬಸ್ ಸ್ಟ್ಯಾಂಡಿನ ಎದುರು ಸೌರಭನ ಫೋಟೋ ಸ್ಟುಡಿಯೋ. ಅದರ ಬಾಜೂಕ್ಕೇ ನನ್ನ ಔಷಧದ ಅಂಗಡಿ. ಹದಿನಾರು ವರ್ಷ ಒಂದೇ ಗೋಡೆಯ ಆಚೆ ಈಚೆ ಕೂತವರು ನಾವು. ಕಾಲೇಜು ಹುಡುಗಿಯರ ಮೊಡವೆ, ಮದುಮಗನ ಕಣ್ಣಡಿಯ ಕಪ್ಪು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒರೆಸಿ ಕೊಡುವುದು ಅವನ ಕೆಲಸ. ಅವನ ಮೂಗು ಮಾತ್ರ ನಡುವೆ ಉಬ್ಬಿ, ತುದಿ ಎಡಕ್ಕೆ ವಾಲಿತ್ತು. ಸಾಲಿಯಲ್ಲಿ ಹುಡುಗರು ಗಿಣಿಮೂಗ ಅಂದದ್ದು ವಯಸ್ಸು ಮೂವತ್ತೆಂಟಾದರೂ ಅವನಿಗೆ ಮರೆತಿರಲಿಲ್ಲ. ಊರವರ ಫೋಟೋ ಎಲ್ಲ ತೆಗೆದವನು ತನ್ನದನ್ನು ತೆಗೆಯಗೊಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಗಿರಾಕಿ ಇರಲಿಲ್ಲ. ನನ್ನನ್ನು ಒಳಗೆ ಕರೆದ. ಪರದೆಯ ಮೇಲೆ ಅವನದೇ ಮುಖ, ಮೂಗು ಮಾತ್ರ ನೆಟ್ಟಗೆ.

“ಹೆಂಗೈತಿ, ರಾಮಲಿಂಗಣ್ಣ?”

“ಚಂದ ಐತಿ. ಆದ್ರ ಇದು ನೀ ಅಲ್ಲ.”

“ಆಗ್ತೀನಿ ನೋಡ,” ಅಂದ.

ಬೆಳಗಾವಿಯಲ್ಲಿ ಕೂದಲು, ಚರ್ಮ ನೋಡುವ ಒಂದು ಕ್ಲಿನಿಕ್ಕಿನ ಜಾಹೀರಾತು ಅವನ ಮೊಬೈಲಿಗೆ ಬಂದಿತ್ತು. ಹೆಂಡತಿ ಪೂನಮಳನ್ನು ಕರೆದುಕೊಂಡು ಹೋದ. ಅಲ್ಲಿನ ಡಾಕ್ಟರು ಆ ಫೋಟೋ ನೋಡಿ, “ಥೇಟ ಹಿಂಗs ಮಾಡ್ತೀನ್ರಿ, ಎರಡು ತಾಸಿನ ಕೆಲಸ,” ಅಂದರಂತೆ. ಅರವಳಿಕೆ ಯಾರು ಕೊಡ್ತಾರ್ರಿ ಅಂತ ಪೂನಮ ಕೇಳಿದಳು. ಅದೆಲ್ಲಾ ನಮಗ ಬಿಡ್ರಿ ಅಂದರು.

“ಮೂಗಿನೊಳಗ ಒಂದು ಸಲನೂ ಬ್ಯಾಟರಿ ಹಾಕಿ ನೋಡಲಿಲ್ಲಣ್ಣ,” ಎಂದು ಆಮೇಲೆ ಅವಳು ನನ್ನ ಅಂಗಡಿಯಲ್ಲಿ ನಿಂತು ಹೇಳಿದಳು.

ಸೌರಭನ ಎಡ ಮೂಗು ಯಾವಾಗಲೂ ಕಟ್ಟಿರುತ್ತಿತ್ತು. ನಾಲ್ಕು ವರ್ಷದಿಂದ ದಿನಾ ಮೂಗಿಗೆ ಹನಿ ಹಾಕಿಕೊಳ್ಳುತ್ತಿದ್ದ. ಅದನ್ನು ಡಾಕ್ಟರು ಕೇಳಲಿಲ್ಲ, ಇವನು ಹೇಳಲಿಲ್ಲ. ವಾರಕ್ಕೊಂದು ಬಾಟಲಿ ಮಾರಿದವನು ನಾನು. ಇಷ್ಟು ದಿನ ಹಾಕಬಾರದು, ಯಾರಿಗಾದರೂ ತೋರಿಸು ಅಂತ ನಾನೂ ಹೇಳಲಿಲ್ಲ.

ಆಪರೇಶನ್ ಆಗಿ ಪಟ್ಟಿ ಬಿಚ್ಚಿದಾಗ ಮೂಗು ಬಾತಿತ್ತು, ಆದರೆ ನೆಟ್ಟಗಿತ್ತು. ಎರಡು ತಿಂಗಳು ಅವನಷ್ಟು ಖುಷಿಯಾಗಿ ಕಂಡ ಮನುಷ್ಯ ಪೇಟೆಯಲ್ಲಿ ಇರಲಿಲ್ಲ. ಬಾವು ಇಳಿಯುತ್ತ ಬಂದಂತೆ ನಡುವೆ ಒಂದು ತಗ್ಗು ಬಿತ್ತು. ಉಸಿರು ಎಳೆದರೆ ಎರಡೂ ಬದಿ ಒಳಗೆ ಅಂಟಿಕೊಳ್ಳುತ್ತಿದ್ದವು, ಯಾರೋ ಬೆರಳಿಂದ ಹಿಚುಕಿದಂತೆ. ಮಾತು ಮೂಗು ಕಟ್ಟಿದವರ ಮಾತಾಯಿತು. ಕ್ಲಿನಿಕ್ಕಿಗೆ ಹೋದರೆ ಬಾಗಿಲಿಗೆ ಕೀಲಿ. ಒಳಗಿನಿಂದ ಏನು ತೆಗೆದರು, ಎಷ್ಟು ತೆಗೆದರು ಎಂದು ಬರೆದ ಒಂದು ಚೀಟಿಯೂ ಅವನ ಕೈಯಲ್ಲಿರಲಿಲ್ಲ.

ಇದೆಲ್ಲಕ್ಕಿಂತ ಹೆಚ್ಚು ಅವನನ್ನು ತಿಂದದ್ದು ತಾಯಿ ತಾರಾಬಾಯಿಯ ವಿಷಯ. ಆಕೆಗೆ ಮರೆವಿನ ಬೇನೆ. ಸೊಸೆಯ ಹೆಸರು, ಓಣಿಯ ಗುರುತು ಎಲ್ಲ ಹೋಗಿ ಮಗನೊಬ್ಬ ಉಳಿದಿದ್ದ. ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನ ಮನೆತನ. ದಿನಾ ಸಂಜೆ ಅವನು ಸ್ಟುಡಿಯೋ ಮುಚ್ಚಿ ಹೋಗಿ, ಬೆಳಕಿರುವಾಗಲೇ ತಾಯಿಗೆ ತುತ್ತು ಕೊಡುತ್ತಿದ್ದ. ಆಪರೇಶನ್ ಆದ ಮೇಲೆ ಆಕೆ ಬಾಯಿ ತೆರೆಯಲಿಲ್ಲ.

“ಯಾರ್ರಿ ನೀವು?”

“ನಾನವ್ವಾ, ಸೌರಭ.”

“ನನ್ನ ಮಗನ ಮೂಗು ಅವರಪ್ಪಂದು. ಅವ ಬರತಾನ, ಅವನ ಕೈಲೆ ಉಣ್ತೀನಿ. ನೀವು ನಡೀರಿ.”

ಬಾವು ಇಳಿದರೆ ಗುರುತು ಹಿಡಿಯುತ್ತಾಳೆ ಅಂದುಕೊಂಡ. ಹಿಡಿಯಲಿಲ್ಲ. ದನಿಯೂ ಬೇರೆಯಾಗಿತ್ತು. ಬಾಗಿಲ ಕಡೆ ನೋಡುತ್ತ ಎಷ್ಟೋ ಸಂಜೆ ಆಕೆ ಉಪವಾಸ ಮಲಗಿದಳು. ಕಡೆಗೆ ಪೂನಮ ಪುಸಲಾಯಿಸಿ ನಾಲ್ಕು ತುತ್ತು ತಿನ್ನಿಸುವುದನ್ನು ಕಲಿತಳು. ಸೌರಭ ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ.

ಏಳನೇ ತಿಂಗಳಿಗೆ ನಾನೇ ಅವನನ್ನು ಬೆಳಗಾವಿಯ ಒಂದು ದೊಡ್ಡ ಆಸ್ಪತ್ರೆಗೆ ಕರೆದೊಯ್ದೆ. ಮೂಗಿನ ಆಪರೇಶನ್ನಿನಲ್ಲಿ ಪಳಗಿದ ಡಾಕ್ಟರಮ್ಮ ಬಹಳ ಹೊತ್ತು ಒಳಗೆ ಹೊರಗೆ ಪರೀಕ್ಷಿಸಿದರು.

“ಒಳಗಿನ ಗೋಡಿ ಮೊದಲs ಸೊಟ್ಟ ಇತ್ತು. ಅದನ್ನ ಮುಟ್ಟೇ ಇಲ್ಲ. ಮೂಗು ಎತ್ತಿ ಹಿಡಿಯೋ ಮೆತ್ತನ ಎಲುಬು ಜಾಸ್ತಿ ಕೆತ್ತಿ ಹಾಕ್ಯಾರ,” ಅಂದರು. “ಈ ಆಪರೇಶನ್ ಕೆಟ್ಟದ್ದಲ್ರಿ. ಕಲಿತವರು, ಉಸಿರಾಟ ನೋಡಿ, ಹುಷಾರಿಲೆ ಮಾಡಿದ್ರ ಚಲೋ ಆಗ್ತದ. ಆದ್ರ ಫೋಟೋದಾಗಿನಂಗs ಮಾಡ್ತೀನಿ ಅಂತ ಯಾರೂ ಮಾತು ಕೊಡಾಕ ಬರೂದಿಲ್ಲ.”

“ಮತ್ತ ಮೊದಲಿನಂಗ ಮಾಡ್ರಿ, ಮೇಡಂ. ಸೊಟ್ಟನ ಇರಲಿ.”

“ಒಂದು ವರ್ಷ ತುಂಬೂತನಕ ಮುಟ್ಟಬಾರದು. ಆಮ್ಯಾಲೆ ಪಕ್ಕೆಲುಬಿನಿಂದ ಚೂರು ತಗೊಂಡು ಕಟ್ಟಬೇಕು. ಎರಡನೇದು ಮೊದಲನೇದಕ್ಕಿಂತ ಕಠಿಣ. ಉಸಿರು ಸುಧಾರಿಸಬಹುದು. ನಿಮ್ಮ ಮೂಗು ನಿಮಗ ತಿರುಗಿ ಬರೂದಿಲ್ಲ.”

ತಿರುಗಿ ಬರುವಾಗ ನಮ್ಮ ಬಸ್ಸು ಮಚ್ಛೆ ಊರು ದಾಟಿತು. ಆಮೇಲೆ, “ಅಲ್ಲೀತನಕ ಅವ್ವ ಇರತಾಳೇನಣ್ಣ?” ಅಂದ.

ವರ್ಷ ತುಂಬಲು ಆರು ವಾರ ಇರುವಾಗ ತಾರಾಬಾಯಿ ತೀರಿಕೊಂಡಳು. ಕೊನೆಯ ದಿನ ಕಂಡವರನ್ನೆಲ್ಲ “ನನ್ನ ಮಗ ಬಂದನೇನು?” ಎಂದು ಕೇಳಿದಳು. ಬಾಯಿಗೆ ನೀರು ಬಿಟ್ಟವಳು ಪೂನಮ. ಅಪರಿಚಿತ ಗಂಡಸು ಕೋಣೆಗೆ ಬಂದರೆ ಆಕೆ ಹೆದರಿ ಚೀರುತ್ತಿದ್ದುದರಿಂದ ಸೌರಭ ಹೊಸ್ತಿಲಾಚೆಯೇ ನಿಂತಿದ್ದ. ಉಸಿರು ನಿಂತ ಮೇಲೆ ಒಳಗೆ ಹೋಗಿ ಕಾಲ ಹತ್ತಿರ ಕೂತ.

ಎರಡನೇ ಆಪರೇಶನ್ನಿಗೆ ಗೊತ್ತು ಮಾಡಿದ ದಿನ ಬಂತು. ನಾನು ಹೊರಟು ನಿಂತು ಕರೆದೆ. ಅವನು ಕುರ್ಚಿಯಿಂದ ಏಳಲಿಲ್ಲ.

“ಉಸಿರು ಬ್ಯಾಡೇನೋ ನಿನಗ?”

“ಬಾಯಿಲೆ ತಗೋತೀನಣ್ಣ. ನಡೀತೈತಿ.”

ಆಮೇಲೆ ಎರಡು ಸಲ ಕರೆದೆ, ಪೂನಮಳೂ ಅತ್ತು ಕರೆದಳು. ಅವನು ಇನ್ನೂ ಹೋಗಿಲ್ಲ.