ಏಕದಂ ಬಂದ ಕುದುರೆ

ಬಿಸಿಲಿನಲ್ಲಿ ನಿಂತ ಕಾರಿನ ಬಾಗಿಲು ತೆರೆದರೆ ನಿಮ್ಮ ಮೂಗಿಗೆ ಏನು ಬಡಿಯುತ್ತದೋ ನನಗೆ ಗೊತ್ತಿಲ್ಲ. ನಮ್ಮ ಕಾಕಾರ ಕಾರಿನಲ್ಲಿ ಹತ್ತಿಕಾಳಿನ ವಾಸನೆ ಬರುತ್ತದೆ. ಹುಬ್ಬಳ್ಳಿಯಲ್ಲಿ ಜೀವನವಿಡೀ ಹತ್ತಿ ವ್ಯಾಪಾರ ಮಾಡಿದವರ ಕಾರು ಅದು. ಮಾದರಿ ಹತ್ತಿಯ ಗಂಟುಗಳನ್ನು ಹೊತ್ತು ಹೊತ್ತು ಸೀಟಿನ ಸಂದಿಗಳಲ್ಲೆಲ್ಲ ಕಾಳು ಸೇರಿಕೊಂಡಿದೆ, ಎಷ್ಟು ತೊಳೆಸಿದರೂ ಆ ಎಣ್ಣೆಯ ಕಮಟು ಹೋಗುವುದಿಲ್ಲ. ಕಳೆದ ರವಿವಾರ ಮಧ್ಯಾಹ್ನ ಧಾರವಾಡಕ್ಕೆ ಹೊರಡಲು ಬಾಗಿಲು ತೆರೆದೆ. ಆ ವಾಸನೆ ಬಂದದ್ದೇ ತಡ, ಮೂರು ವರ್ಷದ ಹಿಂದಿನ ಒಂದು ಸಂಜೆ ನೆನಪಾಯಿತು. ನಾವು ಹೊರಟದ್ದು ಆ ದಿನ ನೋಡಿದ್ದ ಅದೇ ಕುದುರೆಯ ಸಿನೆಮಾ ನೋಡಲು.

ನಿಮಗೆ ಮೊದಲಿಂದ ಹೇಳಬೇಕು. ಧಾರವಾಡದಲ್ಲಿ ಜೋಶಿ ಸರ್ ಅಂತ ಇದ್ದಾರೆ. ಕಾಲೇಜಿನಿಂದ ನಿವೃತ್ತರಾದ ಮೇಲೆ ಪಾಠ ಕೇಳುವವರು ಸಿಗದೆ ತಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ಕಿಟಕಿಗಳನ್ನೆಲ್ಲ ಮುಚ್ಚಿ, ಬಿಳಿ ಪರದೆ ಕಟ್ಟಿ ತಿಂಗಳಿಗೊಂದು ರವಿವಾರ ಮಧ್ಯಾಹ್ನ ಸಿನೆಮಾ ತೋರಿಸುತ್ತಾರೆ. ಅವರ ನಿಯಮಗಳು ಎರಡು. ಸಿನೆಮಾ ನಡೆದಾಗ ಯಾರೂ ಮಾತಾಡಬಾರದು. ಮುಗಿದ ಮೇಲೆ ಚಹಾ ಕುಡಿಯುತ್ತ ಪ್ರತಿಯೊಬ್ಬರೂ ಅಭಿಪ್ರಾಯ ಹೇಳಲೇಬೇಕು, ಹೇಳುವವರ ನಡುವೆ ಉಳಿದವರು ಬಾಯಿ ಹಾಕಬಾರದು. ಪರೀಕ್ಷೆಯಿಂದ ಪಾರಾದೆ ಅಂದುಕೊಂಡ ನನ್ನಂಥವಳಿಗೆ ಐವತ್ತು ದಾಟಿದ ಮೇಲೆ ಮತ್ತೆ ಮೌಖಿಕ ಪರೀಕ್ಷೆ.

ಕಾಕಾ, ಅಂದರೆ ನನ್ನ ತಂದೆಯ ತಮ್ಮ, ಅಲ್ಲಿನ ಖಾಯಂ ಗಿರಾಕಿ. ಕೌಬಾಯ್ ಚಿತ್ರವೆಂದರೆ ಅವರಿಗೆ ಜೀವ. ಹುಡುಗರಾಗಿದ್ದಾಗ ಹುಬ್ಬಳ್ಳಿಯ ಟಾಕೀಜುಗಳಲ್ಲಿ ಬೆಳಗಿನ ಆಟಕ್ಕೆ ಬರುತ್ತಿದ್ದ ಅಂಥ ಸಿನೆಮಾ ಒಂದನ್ನೂ ಬಿಟ್ಟವರಲ್ಲ. ಮೂರು ವರ್ಷಗಳ ಹಿಂದೆ ಜೋಶಿ ಸರ್ ಫೋನು ಮಾಡಿ ಈ ಸಲ ಕೌಬಾಯ್ ಎಂದಾಗ ಕಾಕಾ ನನ್ನನ್ನಷ್ಟೇ ಅಲ್ಲ, ಎಂದೂ ಬಾರದ ಕಾಕುವನ್ನೂ ಹೊರಡಿಸಿದರು.

"ಕುದುರಿ, ಬಂದೂಕು, ಧೂಳಾ. ಇದರಾಗ ತಿಳೀಲಾರದ್ದು ಏನೈತಿ, ನಡಿ" ಎಂದರು ಹೆಂಡತಿಗೆ.

ಕಾರು ಅವರೇ ಹೊಡೆದರು. ನನಗೆ ಹೊಡೆಯಲು ಬರುವುದಿಲ್ಲ ಅಂತಲ್ಲ. ನನಗೆ ಕಲಿಸಿದವರು ಅವರೇ. ಕೆಲಗೇರಿ ಕೆರೆಯ ದಂಡೆಯ ರಸ್ತೆಯಲ್ಲಿ, ನನ್ನ ನಲವತ್ತನೆಯ ವಯಸ್ಸಿನಲ್ಲಿ. ನಾನು ಉಸಿರು ಬಿಗಿಹಿಡಿದು ಮೂಗಿನ ನೇರಕ್ಕೆ ನೋಡುತ್ತ ಹೊರಟರೆ ಪಕ್ಕದಲ್ಲಿ ಕೂತ ಕಾಕಾ ನನ್ನ ಎಡ ಮೊಣಕೈಗೆ ಎರಡು ಬೆರಳಿನಿಂದ ಟಕ್ ಅಂತ ಬಡಿಯುತ್ತಿದ್ದರು. ಎಡಕ್ಕೆ ನೋಡು ಎಂದು ಅದರ ಅರ್ಥ. "ಗಾಡಿ ಹೊಡಿಯೂದಂದ್ರ ಮುಂದ ನೋಡೂದಲ್ಲವ್ವಾ, ಬಾಜೂ ನೋಡೂದು. ಮುಂದಿಂದು ಹೆಂಗೂ ಕಾಣತೈತಿ." ಕಲಿಕೆ ಮುಗಿದಾಗ ನನಗೆ ಬಂದದ್ದು ಸಾವಕಾಶ ಹೊಡೆಯುವುದೊಂದೇ. ಹಿಂದಿನಿಂದ ಬಂದ ಎಮ್ಮೆಗಳು ದಾರಿ ಬಿಡಲಿ ಎಂದು ನಿಂತುಕೊಂಡಿದ್ದವು ಅಂತ ಕಾಕಾ ಮನೆಮಂದಿಗೆಲ್ಲ ಹೇಳಿ ನಗಿಸುತ್ತಿದ್ದರು. ಅರ್ಧ ಸುಳ್ಳು ಅದು, ಒಂದೇ ಎಮ್ಮೆ ಇತ್ತು.

ಇನ್ನು ಆ ಸಿನೆಮಾ. ಕುದುರೆ, ಬಂದೂಕು, ಧೂಳು ಮೂರೂ ಇದ್ದವು, ಆದರೆ ಕುದುರೆ ಓಡಲಿಲ್ಲ, ಬಂದೂಕು ಹಾರಲಿಲ್ಲ. ಒಣ ಬಯಲು, ಬಯಲಿನ ಬಲಗಡೆಗೊಂದು ಮನೆ, ಮೆಟ್ಟಿಲ ಮೇಲೊಬ್ಬ ಹೆಂಗಸು. ಮನೆಯೊಳಗೆ ಅವಳ ಗಂಡ ಅಡಗಿದ್ದಾನೆ, ಅವನನ್ನು ಹುಡುಕಿಕೊಂಡು ಒಬ್ಬ ಬರಲಿದ್ದಾನೆ. ಇಷ್ಟೇ ಕತೆ. ಬರುವವನು ಬಂದದ್ದು ನೋಡಬೇಕು ನೀವು. ಪರದೆಯ ಎಡ ಮೂಲೆಯಲ್ಲಿ, ಆಕಾಶ ನೆಲ ಕೂಡುವಲ್ಲಿ, ಒಂದು ಚುಕ್ಕೆ. ಕ್ಯಾಮೆರಾ ಅಲ್ಲಾಡಲಿಲ್ಲ, ಸಂಗೀತವಿಲ್ಲ, ಗಾಳಿಯ ಸಪ್ಪಳವೊಂದೇ. ಚುಕ್ಕೆ ಧೂಳಾಯಿತು, ಧೂಳು ಕುದುರೆಯಾಯಿತು, ಕುದುರೆಯ ಮೇಲೊಬ್ಬ ಟೊಪ್ಪಿಗೆಯವನಾದ. ನಾನು ಆ ಹೊತ್ತಿನಲ್ಲಿ ಮರುದಿನದ ಪಲ್ಯ ಯಾವುದು, ಗ್ಯಾಸು ತರಿಸಬೇಕೋ ಏನು ಎಂದೆಲ್ಲ ವಿಚಾರ ಮಾಡಿ ಮುಗಿಸಿದೆ. ಪಕ್ಕದಲ್ಲಿ ಕಾಕಾ ಕತ್ತಲಲ್ಲೇ ಶೇಂಗಾ ಸುಲಿದು ನನ್ನ ಅಂಗೈಗೆ ಹಾಕುತ್ತಿದ್ದರು.

ಚಹಾ ಬಂತು, ಖುರ್ಚಿಗಳು ದುಂಡಗಾದವು. ಹೊಸದಾಗಿ ಸೇರಿದ ಒಬ್ಬ ತರುಣ ಉಪನ್ಯಾಸಕ ಮೊದಲು ಬಾಯಿ ಬಿಟ್ಟ. "ಫೋಟೋಗ್ರಫಿ ಮಸ್ತ್ ಐತ್ರಿ ಸರ್. ಆದ್ರ ಮನ್ಯಾಗ ನೋಡಿದ್ರ ನಾ ಮುಂದಕ್ಕ ಓಡಿಸಿಬಿಡ್ತಿದ್ನಿ. ಆ ಕುದುರಿ ಬಂದು ಮುಟ್ಟೂದ್ರಾಗ ನಮ್ಮ ಸಿಟಿ ಬಸ್ ಧಾರವಾಡದಿಂದ ಹುಬ್ಬಳ್ಳಿಗೆ ಹೋಗಿ ಬರತೈತಿ."

ಜೋಶಿ ಸರ್ ಕನ್ನಡಕ ತೆಗೆದು ಒರೆಸಿದರು, ಅಂದರೆ ಸಿಟ್ಟು ಬಂದಿದೆ. ತಮ್ಮ ಸರದಿ ಬಂದಾಗ ಹೇಳಿದರು. "ಓಡಿಸಿದ್ರ ಏನೂ ಉಳಿಯೂದಿಲ್ಲರಿ ಅದರಾಗ. ಎಡಕ್ಕ ಒಂದು ಚುಕ್ಕಿ ಕಾಣಸ್ತದ. ಅದು ಮನಷ್ಯಾ ಆಗೂ ತನಕಾ ಡೈರೆಕ್ಟರ್ ನಮ್ಮನ್ನ ಕಾಯಸ್ತಾನ. ಆ ಕಾಯೂದ ಸಿನೆಮಾ ಅದ."

ನಾನು ಫೋಟೋಗ್ರಫಿಯೂ ಚೆನ್ನ, ಸ್ವಲ್ಪ ಉದ್ದವೂ ಹೌದು ಎಂದೆ. ಎರಡೂ ಕಡೆಯವರ ಚಹಾ ಕುಡಿಯುವವಳ ಅಭಿಪ್ರಾಯ ಅದು.

ಕಾಕು ಸೆರಗು ಸರಿಮಾಡಿಕೊಂಡಳು. ಇವಳೇನು ಹೇಳುತ್ತಾಳೋ ಎಂದು ನಾನು ಗಾಬರಿಯಾದೆ. "ನಮ್ಮ ತವರೂರು ಶಿರಗುಪ್ಪಿರಿ. ಅಲ್ಲಿ ಎರಿಹೊಲ ಹಿಂಗ, ಗಿಡ ಇಲ್ಲ ಗಂಟಿ ಇಲ್ಲ. ಯಾರರೆ ಬರಾಕತ್ರ ಬಾಳ ದೂರದಿಂದ ಕಾಣತಿದ್ರು. ಚುಕ್ಕಿ ಕಂಡಕೂಡ್ಲೆ ನಮ್ಮವ್ವ ಚಹಾಕ್ಕ ಇಡಾಕಿ. ಚುಕ್ಕಿಗೆ ರುಮಾಲು ಮೂಡೂದ್ರಾಗ ಚಹಾ ಕುದಿತಿತ್ತು. ನನಗಂತೂ ಅದ ಛಲೋ ಅನಸ್ತು. ಈಕಿ ಯಾಕ ಚಹಾಕ್ಕ ಇಡವಲ್ಲಳು ಅಂತ ನೋಡಾಕತ್ತಿದ್ನಿ."

ಎಲ್ಲರೂ ನಕ್ಕರು, ಜೋಶಿ ಸರ್ ಮೆಚ್ಚಿ ತಲೆದೂಗಿದರು. ಕಡೆಗೆ ಉಳಿದವರು ಕಾಕಾ.

"ಸಾವಕಾಶ ಅಂದ್ರ ಎಲ್ಲಾ ಸಾವಕಾಶ. ಆದ್ರ ಒಂದ್ ಕಡೆ ಪಿಚ್ಚರ ತಗದಾಂವ ಶಾಣ್ಯಾ ಅದಾನ್ರಿ. ಆ ಕುದುರಿಯಂವ ಬರೂದು. ಬಯಲು, ಬಯಲು, ಏನೂ ಇಲ್ಲ. ಏಕದಂ ಬಂದು ಮನಿ ಮುಂದ ನಿಂತಬಿಟ್ಟ. ನನ್ನ ಎದಿ ಝಲ್ಲಂತು."

ಚಮಚೆಯ ಸಪ್ಪಳ ನಿಂತಿತು. ಎಲ್ಲರೂ ದೂರಿದ್ದು, ಹೊಗಳಿದ್ದು ಆ ಕುದುರೆ ಬಹಳ ಹೊತ್ತು ಬಂದದ್ದನ್ನೇ. ಇವರೊಬ್ಬರಿಗೆ ಅದು ಏಕದಂ ಬಂದಿತ್ತು. ಜೋಶಿ ಸರ್ ಮೊದಲು ನಕ್ಕರು. "ಹಂಗಾರ ಸಾವ್ಕಾರ್ರು ಒಂದು ನಿದ್ದಿ ತಗದ್ರಿ ಅನ್ರಿ." ಮಾಳಿಗೆ ತುಂಬ ನಗೆ.

"ಮಲಗಿದ್ದಿಲ್ಲರಿ ನಾ. ರೆಪ್ಪಿ ಬಡದಿಲ್ಲ" ಎಂದರು ಕಾಕಾ. ಮುಖ ಕೆಂಪಾಗಿತ್ತು.

ಅವರು ಮಲಗಿರಲಿಲ್ಲವೆಂದು ನನಗೆ ಗೊತ್ತಿತ್ತು. ಅವರು ಸುಲಿದ ಶೇಂಗಾ ಇನ್ನೂ ನನ್ನ ಮುಷ್ಟಿಯಲ್ಲಿತ್ತು. ಹಾಗಿದ್ದರೆ ಇಷ್ಟು ಹೊತ್ತು ಬಂದ ಕುದುರೆ ಇವರಿಗೆ ಯಾಕೆ ಕಾಣಲಿಲ್ಲ? ಒಂದೊಂದೇ ನೆನಪಾಗತೊಡಗಿತು. ಬೆಳಿಗ್ಗೆ ಗೇಟಿನ ಎಡ ಕಂಬಕ್ಕೆ ಕಾರು ಉಜ್ಜಿ, ಕಂಬ ಕಟ್ಟಿದವನನ್ನು ಬೈದದ್ದು. ಪಕ್ಕಕ್ಕೇ ಬಂದು ನಿಂತ ಬೀಗರನ್ನು ಮಾತಾಡಿಸದೆ ಹೋದರೆಂದು ಮದುವೆಮನೆಯಲ್ಲಿ ರಾದ್ಧಾಂತವಾದದ್ದು. ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುವುದು. ಇವೆಲ್ಲ ಸಾವ್ಕಾರಿಕೆಯ ದಿಮಾಕು ಎಂದುಕೊಂಡಿದ್ದೆವು. ವ್ಯಾಪಾರದಲ್ಲೂ ಸುಳಿವು ಸಿಕ್ಕಿರಲಿಲ್ಲ, ಹತ್ತಿಯನ್ನು ಅವರು ಬೆರಳಿನಿಂದ ಎಳೆದು ನೋಡುತ್ತಿದ್ದರು. ನಾನು ಕಾಕುವಿನ ಕಡೆ ನೋಡಿದೆ. ಅವಳು ಗಂಡನನ್ನೇ ನೋಡುತ್ತಿದ್ದಳು, ನಗುತ್ತಿರಲಿಲ್ಲ.

ಕೆಳಗಿಳಿದಾಗ ಹೊತ್ತು ಮುಳುಗಿತ್ತು, ಬೀದಿ ದೀಪ ಇನ್ನೂ ಹತ್ತಿರಲಿಲ್ಲ. ಕಾಕಾ ಒಂದೊಂದು ಮೆಟ್ಟಿಲನ್ನೂ ಪಾದದಿಂದ ತಡವಿ ಇಳಿದರು, ಇಳಿದವರೇ ಕೀಲಿ ತೆಗೆದರು.

"ನಾ ಹೊಡೀಲೇನ್ರಿ ಕಾಕಾ?"

"ನೀ ಹೊಡದ್ರ ಊಟದ ಹೊತ್ತು ಮೀರತೈತಿ. ಲಗೂ ಹತ್ತು."

ಬಾಗಿಲಲ್ಲಿ ಜೋಶಿ ಸರ್ ಮತ್ತು ಉಳಿದವರೆಲ್ಲ ನಿಂತಿದ್ದರು. ನಿದ್ದೆ ಮಾಡಿದಿರಿ ಎಂದು ಈಗಷ್ಟೇ ನಗೆಗೀಡಾದ ಮನುಷ್ಯನಿಗೆ, ಅಷ್ಟು ಜನರೆದುರು, ನಿಮಗೆ ಕಣ್ಣು ಕಾಣುವುದಿಲ್ಲ ಎಂದು ಹೇಗೆ ಹೇಳುತ್ತೀರಿ ನೀವು? ಎಡಗಡೆಯ ಸೀಟಿನಲ್ಲಿ ಕೂತೆ, ಕಾಕು ಹಿಂದೆ ಕೂತಳು. ಕಾರು ಓಣಿಯಿಂದ ಹೊರಬಿತ್ತು.

ಅಂಥ ಪ್ರಯಾಣವನ್ನು ನನ್ನ ಶತ್ರುವಿಗೂ ಬೇಡೆನು. ಕೈ ಹ್ಯಾಂಡ್‌ಬ್ರೇಕಿನ ಮೇಲಿಟ್ಟು ಎಡಗಡೆಯನ್ನೆಲ್ಲ ನಾನೇ ನೋಡತೊಡಗಿದೆ. "ಎಡಕ್ಕ ಆಕಳ ನಿಂತಾವ್ರಿ" ಎಂದರೆ, "ನಿನಗ ಕಲಿಸಿದಾಂವ ನಾನು" ಎಂದರು. ಕಾರಿನ ವೇಗ ಏರಿತು. ಆಗ ಎಡಗಡೆಯ ಅಡ್ಡರಸ್ತೆಯಿಂದ ಒಬ್ಬ ಸೈಕಲ್ಲಿಗೆ ಹಾಲಿನ ಕ್ಯಾನು ತೂಗುಹಾಕಿಕೊಂಡು ಬರುವುದು ಕಾಣಿಸಿತು. ದೂರವಿದ್ದ. ಭಾರಕ್ಕೆ ಓಲಾಡುತ್ತ, ಯಾವ ಅವಸರವೂ ಇಲ್ಲದೆ ಬರುತ್ತಿದ್ದ. ಕಾಕಾರ ಕಾಲು ಬ್ರೇಕಿಗೆ ಹೋಗುತ್ತದೆ ಎಂದು ಕಾದೆ. ಹೋಗಲಿಲ್ಲ. ಅವರ ದೃಷ್ಟಿ ನೇರ ಮುಂದಿತ್ತು, ಮುಖ ಶಾಂತವಾಗಿತ್ತು. ನನ್ನ ಕೈ ತಾನಾಗಿ ಎದ್ದು ಅವರ ಎಡ ಮೊಣಕೈಗೆ ಟಕ್ ಅಂತ ಬಡಿಯಿತು.

ಕಾಕಾ ಬ್ರೇಕು ತುಳಿದರು. ಕ್ಯಾನು ಬಂಪರಿಗೆ ತಾಗಿ ಠಣ್ ಎಂದಿತು. ಸೈಕಲ್ಲಿನವನು ಕಾಲೂರಿ ನಮ್ಮನ್ನೊಮ್ಮೆ ನೋಡಿ, ಏನೋ ಅಂದು, ಪೆಡಲು ತುಳಿದು ಹೋದ.

"ಏಕದಂ ಬಂದ" ಎಂದರು ಕಾಕಾ.

ಹಿಂದಿನಿಂದ ಕಾಕು ಮೆತ್ತಗೆ ಹೇಳಿದಳು. "ಏಕದಂ ಬಂದಿಲ್ಲರಿ. ಅಂವಾ ಆ ಗಿರಣಿ ಮುಂದಿಂದ ಬರಾಕತ್ತಿದ್ದ. ಚುಕ್ಕಿ ಇದ್ದಾಗಿಂದ ನಾ ನೋಡಾಕತ್ತೇನಿ."

ಹಿಂದೆ ಗಾಡಿಗಳು ಹಾರ್ನು ಹೊಡೆಯುತ್ತಿದ್ದವು. ಕಾಕಾ ಇಂಜಿನ್ನು ಬಂದ್ ಮಾಡಿದರು. ಆಮೇಲೆ ಕೀಲಿಯನ್ನು ಅಲ್ಲೇ ಬಿಟ್ಟು ಇಳಿದು, ಬಾನೆಟ್ಟಿನ ಮೇಲೆ ಕೈಯಾಡಿಸುತ್ತ ಸುತ್ತಿ ಬಂದು ನನ್ನ ಬಾಗಿಲು ತೆರೆದರು. ನಾನು ಜಾಗ ಬದಲಿಸಿದೆ.

ಆ ಸಂಜೆ ನಾನು ಹೊಡೆದಷ್ಟು ಸಾವಕಾಶ ಯಾರೂ ಹುಬ್ಬಳ್ಳಿ ಧಾರವಾಡ ರಸ್ತೆಯಲ್ಲಿ ಹೊಡೆದಿರಲಾರರು. ಬಸ್ಸುಗಳು, ಲಾರಿಗಳು, ಕಡೆಗೆ ಟ್ರ್ಯಾಕ್ಟರೂ ನಮ್ಮನ್ನು ದಾಟಿ ಹೋದವು. ಗೇರು ಬದಲಿಸು ಎಂದು ಕಾಕಾ ಒಮ್ಮೆಯೂ ಅನ್ನಲಿಲ್ಲ. ಅವರ ಬೈಗುಳಕ್ಕಾಗಿ ಜೀವ ಕಾತರಿಸಿತು ನನಗೆ. ಉಣಕಲ್ಲ ಕೆರೆಯ ಹತ್ತಿರ ಬಂದಾಗ ಅವರು ಕೇಳಿದರು.

"ಖರೇ ಹೇಳು. ಆ ಕುದುರಿ ಎಷ್ಟೊತ್ತಿಂದ ಬರಾಕತ್ತಿತ್ತು?"

"ಬಾಳೊತ್ತಿಂದ್ರಿ ಕಾಕಾ. ಎಡಕ್ಕ ಮೂಲ್ಯಾಗಿಂದ. ನಾವೆಲ್ಲಾರೂ ನೋಡಾಕತ್ತಿದ್ವಿ."

"ಹಂಗಾರ ನಾ ನೋಡಿದ ಪಿಚ್ಚರಾನ ಬ್ಯಾರೆ" ಎಂದರು.

ಡಾಕ್ಟರು ಕಣ್ಣಿನ ಒತ್ತಡ ಎಂದರು. ನಡುವಿನದು ಸ್ವಚ್ಛ ಕಾಣುತ್ತದಂತೆ, ಅಂಚು ಮಾತ್ರ ಸದ್ದಿಲ್ಲದೆ ಅಳಿಯುತ್ತ ಬರುತ್ತದಂತೆ. ಅಳಿದ ಜಾಗದಲ್ಲಿ ಕತ್ತಲೂ ಕಾಣುವುದಿಲ್ಲವಾದ್ದರಿಂದ ಕಳೆದುಕೊಂಡವರಿಗೇ ಗೊತ್ತಾಗುವುದಿಲ್ಲ. ಹೋದದ್ದು ಬಾರದು, ಹನಿ ಹಾಕಿ ಇದ್ದದ್ದನ್ನು ಕಾಯ್ದುಕೊಳ್ಳಬೇಕು. ಕಾಕಾ ಎಲ್ಲವನ್ನೂ ಕೇಳಿ, "ಕಾರು?" ಎಂದು ಒಂದೇ ಮಾತು ಕೇಳಿದರು. ಡಾಕ್ಟರು ಬೇಡವೆಂದು ತಲೆಯಾಡಿಸಿದರು. ಆ ದಿನ ನಾನು ಕಾರಿನಲ್ಲಿ ಕೂತು ಅತ್ತೆ, ಹತ್ತಿಕಾಳಿನ ವಾಸನೆಯಲ್ಲಿ.

ಈಗ ಕಳೆದ ರವಿವಾರಕ್ಕೆ ಬರುತ್ತೇನೆ. ಜೋಶಿ ಸರ್‌ಗೆ ಫೋನು ಮಾಡಿದವರು ಕಾಕಾರೇ. "ಆ ಕುದುರಿ ಪಿಚ್ಚರ ಇನ್ನೊಮ್ಮೆ ಹಾಕ್ರಿ. ನಂದು ಪೂರಾ ನೋಡೂದಾಗಿಲ್ಲ." ನನಗೆ ಇಷ್ಟವಿರಲಿಲ್ಲ. ಮೂರು ವರ್ಷಗಳಲ್ಲಿ ಅವರ ಕಣ್ಣಿನ ಕಿಟಕಿ ಇನ್ನೂ ಸಣ್ಣದಾಗಿತ್ತು. ಆ ಚುಕ್ಕೆ ಈಗಲೂ ಸಿಗದಿದ್ದರೆ, ಅದೂ ಅಷ್ಟು ಜನರ ನಡುವೆ? ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತ ಹೊಡೆದೆ. ಕಾಕಾ ಮಾತ್ರ, "ಎಮ್ಮಿ ದಾಟಿ ಹೊಂಟಾವು, ಒಂಚೂರು ಒತ್ತು" ಎಂದು ಹಳೆಯ ಚೇಷ್ಟೆ ಮಾಡುತ್ತಿದ್ದರು.

ನಾನು ಅವರ ಎಡಕ್ಕೆ ಕೂತೆ, ಕಾಕು ಬಲಕ್ಕೆ. ಬಯಲು ಬಂತು, ಮನೆ ಬಂತು, ಮೆಟ್ಟಿಲ ಮೇಲಿನ ಹೆಂಗಸು ಬಂದಳು. ಗಾಳಿಯ ಸಪ್ಪಳ ಶುರುವಾಯಿತು. ಮೂಲೆಯಲ್ಲಿ ಚುಕ್ಕೆ ಮೂಡಿದ ಕೂಡಲೇ ಅವರ ಎಡ ಮೊಣಕೈಗೆ ಎರಡು ಬೆರಳಿನಿಂದ ಬಡಿದೆ. ಕಾಕಾ ಮುಖ ಹೊರಳಿಸಿದರು. ನಾನು ಪರದೆ ಬಿಟ್ಟು ಅವರನ್ನೇ ನೋಡುತ್ತಿದ್ದೆ. ಗದ್ದ ಸ್ವಲ್ಪ ಎಡಕ್ಕೆ ಹೋಯಿತು, ದಾಟಿತು, ತಿರುಗಿ ಬಂತು, ಮೇಲೆ ಕೆಳಗೆ ಹುಡುಕಿತು. ಮೂರು ವರ್ಷದ ಹಿಂದೆ ಉದ್ದವಾಯಿತು ಎಂದಿದ್ದ ನಾನು, ಇನ್ನೊಂದಿಷ್ಟು ಉದ್ದವಿರಲಿ, ಆ ಕುದುರೆ ಅವಸರ ಮಾಡದಿರಲಿ ಎಂದು ಬೇಡಿಕೊಂಡೆ. ಅವರ ಗದ್ದ ಒಂದು ಕಡೆ ನಿಂತಿತು.

"ಸಿಕ್ಕಾ" ಎಂದರು ಕಾಕಾ, ಮಾಳಿಗೆಗೆಲ್ಲ ಕೇಳುವಂತೆ. ನಿಯಮ ಮುರಿದರೂ ಜೋಶಿ ಸರ್ ಕನ್ನಡಕ ತೆಗೆಯಲಿಲ್ಲ.

ಕತ್ತಲಲ್ಲಿ ಕಾಕು ಪಿಸುಗುಟ್ಟಿದಳು. "ಚಹಾಕ್ಕ ಇಡ್ಲ್ಯಾ?"

"ಗಡಿಬಿಡಿ ಇಲ್ಲ, ಇನ್ನೂ ಬಾಳ ದೂರ ಅದಾನ" ಎಂದರು ಕಾಕಾ. "ಸಾವಕಾಶ ಬರ್ಲಿ."